ಟ್ರ್ಯಾಕ್ಟರಿಗೆ ಇಪ್ಪತ್ತು, ಬ್ಯಾರಲ್ಲಿಗೆ ಇಲ್ಲ

ಶಿರಾಳಕೊಪ್ಪದಿಂದ ಸೊರಬದ ಕಡೆ ಹೊರಟರೆ ಊರು ಮುಗಿಯುವ ಹೊತ್ತಿಗೆ ಒಂದು ಪೆಟ್ರೋಲ್ ಬಂಕ್ ಸಿಗುತ್ತದೆ. ಹನ್ನೊಂದು ವರ್ಷ ನಾನು ಪ್ರತಿ ಸೋಮವಾರ ಬೆಳಿಗ್ಗೆ ಅಲ್ಲಿ ಸ್ಕೂಟಿಗೆ ಪೆಟ್ರೋಲ್ ಹಾಕಿಸಿಕೊಂಡು, ಸೊರಬ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿಗೆ ಪಾಠ ಹೇಳಲು ಹೋಗುತ್ತಿದ್ದೆ. ಸಮಾಜ ವಿಜ್ಞಾನ ನನ್ನ ವಿಷಯ. ಆ ಬಂಕಿನ ಮ್ಯಾನೇಜರ್ ಆಗಿದ್ದವರು ಹೋದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಯಾರಾದರೂ ಮೊಬೈಲ್ ಎತ್ತಿ ಫೋಟೋ ತೆಗೆಯಲು ಹೊರಟರೆ ಮೆಲ್ಲಗೆ ಕಂಬದ ಮರೆಗೆ ಸರಿಯುತ್ತಿದ್ದ ಮನುಷ್ಯ ಅವರು. ನಾನು ಅವರನ್ನು ‘ಅಣ್ಣಾ’ ಎನ್ನುತ್ತಿದ್ದೆ. ಅವರಿಗೆ ನಾನು ಕಡೆಯವರೆಗೂ ‘ಮೇಡಂ’.

ಎತ್ತರದ ಆಳು. ಬಲಗೈ ಎಡಗೈಗಿಂತ ಎರಡು ಪಟ್ಟು ಕಪ್ಪಾಗಿತ್ತು. ಮೊದಲ ಸಲ ನೋಡಿದಾಗ ಏನೋ ಚರ್ಮದ ಕಾಯಿಲೆ ಇರಬೇಕು ಅಂದುಕೊಂಡಿದ್ದೆ. ಇಪ್ಪತ್ತು ವರ್ಷ ಮಂಗಳೂರಿನಿಂದ ಘಟ್ಟ ಹತ್ತಿಸಿ ಟ್ಯಾಂಕರ್ ತಂದವರು, ಕಿಟಕಿಯ ಮೇಲಿಟ್ಟ ಕೈ ಬಿಸಿಲಿಗೆ ಹಾಗಾಗಿದ್ದು ಎಂದು ಆಮೇಲೆ ತಿಳಿಯಿತು. ಸೊಂಟ ಹಿಡಿದುಕೊಂಡ ಮೇಲೆ ಗಾಡಿ ಬಿಟ್ಟು ಈ ಬಂಕಿಗೆ ಬಂದರು. ಮ್ಯಾನೇಜರ್ ಎಂದರೆ ಒಳಗೆ ಫ್ಯಾನಿನ ಕೆಳಗೆ ಕೂರುವವರಲ್ಲ. ಬೆಳಿಗ್ಗೆ ಹೊತ್ತು ರಷ್ ಇದ್ದಾಗ ತಾವೇ ಪಂಪಿನ ಹತ್ತಿರ ನಿಲ್ಲುತ್ತಿದ್ದರು. ಹೆಂಗಸರ ಗಾಡಿಗೆ ಹಾಕುವಾಗ ನಳಿಗೆಯ ಬಾಯಿಗೆ ಒಂದು ಬಟ್ಟೆ ಹಿಡಿಯುತ್ತಿದ್ದರು, ಸೀರೆಯ ಮೇಲೆ ಒಂದು ಹನಿಯೂ ಬೀಳದ ಹಾಗೆ. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ದಿನಾ ಬೆಳಿಗ್ಗೆ ಆರಕ್ಕೆ ಬೆಲೆ ಬದಲಾಗುವ ಪದ್ಧತಿ ಬಂದ ಮೇಲೆ ಜಗಳಗಳು ಶುರುವಾದವು. ಪೆಟ್ರೋಲ್ ಏರಿದರೆ ಜನ ಗೊಣಗಿಕೊಂಡು ಹೋಗುತ್ತಿದ್ದರು. ಡೀಸೆಲ್ ಏರಿದರೆ ಟ್ರ್ಯಾಕ್ಟರಿನವರು ಇಳಿದು ಬಂದು ನಿಲ್ಲುತ್ತಿದ್ದರು. ಒಂದು ಸೋಮವಾರ ಒಬ್ಬ ಮುದುಕರು ಟವೆಲ್ ಕೊಡವಿ ಕೇಳುತ್ತಿದ್ದರು:

“ಪೆಟ್ರೋಲ್ ನಿನ್ನೆ ಇದ್ದಲ್ಲೇ ಐತಿ. ನಮ್ದು ಮಾತ್ರ ಯಾಕೆ ಏರ್ತು? ರೈತ ಅಂದ್ರೆ ನಿಮಗೆ ಸಸಾರನಾ?”

“ನಾನು ಏರ್ಸಿದ್ದಲ್ರಿ ಯಜಮಾನ್ರೆ. ಆದ್ರೆ ಯಾಕೆ ಅಂತ ಕೇಳಿದ್ರಲ್ಲ, ಟೀ ಕುಡಿಯೋಷ್ಟು ಪುರುಸೊತ್ತಿದ್ರೆ ಹೇಳ್ತೀನಿ,” ಅಂದರು ಇವರು.

ಮುದುಕರಿಗೆ ಪುರುಸೊತ್ತಿರಲಿಲ್ಲ. ಗಾಡಿ ಹತ್ತಿ ಹೋದರು. ನಾನು ಅಲ್ಲೇ ನಿಂತಿದ್ದೆ. ಹಿಂದಿನ ಶುಕ್ರವಾರ ಒಂಬತ್ತನೇ ಕ್ಲಾಸಿನಲ್ಲಿ ಇದೇ ಪ್ರಶ್ನೆಗೆ ನಾನು “ಬೇಡಿಕೆ ಮತ್ತು ಪೂರೈಕೆ” ಎಂದು ಬೋರ್ಡಿನ ಮೇಲೆ ಬರೆದು ತಪ್ಪಿಸಿಕೊಂಡಿದ್ದೆ. ಎರಡೂ ನೆಲದಿಂದ ಬರುವ ಒಂದೇ ಕಚ್ಚಾ ಎಣ್ಣೆ ತಾನೆ, ಮತ್ತೆ ಒಂದು ನಿಂತು ಒಂದು ಏಕೆ ಏರಬೇಕು ಎಂಬುದು ನನಗೇ ಗೊತ್ತಿರಲಿಲ್ಲ.

“ನನಗೆ ಹೇಳಿ ಅಣ್ಣಾ,” ಅಂದೆ.

ಅವರು ಕೈ ಒರೆಸಿಕೊಂಡರು. “ಮನೇಲಿ ಮೊಸರು ಕಡೀತೀರಲ್ಲ ಮೇಡಂ. ಬೆಣ್ಣೆನೂ ಬರುತ್ತೆ, ಮಜ್ಜಿಗೆನೂ ಬರುತ್ತೆ. ಈಗ ಕಡು ಬೇಸಿಗೆ, ಎಲ್ರೂ ಮಜ್ಜಿಗೆ ಕೇಳ್ತಾರೆ ಅಂತ ಇಟ್ಕೊಳ್ರಿ. ಬೆಣ್ಣೆ ಬ್ಯಾಡ, ಬರೀ ಮಜ್ಜಿಗೆ ಮಾಡ್ತೀನಿ ಅಂದ್ರೆ ಆಗುತ್ತಾ? ಆಗಂಗಿಲ್ಲ. ಕಡೆದ್ರೆ ಎರಡೂ ಬರ್ತಾವೆ, ಹೆಚ್ಚು ಕಮ್ಮಿ ಅದರದರ ಲೆಕ್ಕದಾಗೇ ಬರ್ತಾವೆ. ಆಗ ಮಜ್ಜಿಗೆ ರೇಟು ಏರುತ್ತೆ, ಬೆಣ್ಣೆ ಸುಮ್ನೆ ಕೂತಿರುತ್ತೆ. ದೀಪಾವಳಿ ಬಂದ್ರೆ ಉಲ್ಟಾ.”

“ಡೀಸೆಲ್‌ಗೆ ಯಾವುದು ಬೇಸಿಗೆ?”

“ಅದಕ್ಕೆ ಚಳಿಗಾಲನೇ ಬೇಸಿಗೆ,” ಎಂದು ನಕ್ಕರು. “ಆ ಕಡೆ ಚಳಿ ದೇಶದಾಗೆ ಮನೆ ಬೆಚ್ಚಗೆ ಮಾಡೋಕೂ ಈ ಜಾತಿ ಎಣ್ಣೇನೇ ಸುಡ್ತಾರಂತೆ. ಲಾರಿ, ಹಡಗು, ರೈಲು, ಟ್ರ್ಯಾಕ್ಟರು, ಎಲ್ಲ ಇದನ್ನೇ ಕುಡೀತಾವೆ. ಪೆಟ್ರೋಲ್ ಅಂದ್ರೆ ಜನ ತಿರುಗಾಡೋಕೆ. ರಜಾ ಬಂತು, ಕಾರು ಹೊರಗೆ ತೆಗೆದ್ರು, ಪೆಟ್ರೋಲ್ ಏರ್ತು. ಆಮೇಲೆ ಅಲ್ಲಿ ಒಂದು ತೆರಿಗೆ, ಇಲ್ಲಿ ಒಂದು ತೆರಿಗೆ. ಅದೂ ಎರಡಕ್ಕೂ ಬೇರೆ ಬೇರೆ. ಅದು ಸರ್ಕಾರದೋರ ಕೈಯಾಗಿನ ಮಾತು, ನನಗೆ ಅಷ್ಟು ಗೊತ್ತಾಗಂಗಿಲ್ಲ.”

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ಅವರಿಗೆ ಎಷ್ಟು ಸಲೀಸು ಎಂದು ನನಗೆ ಆಶ್ಚರ್ಯವಾಗಿತ್ತು. ನಾವು ಮೇಷ್ಟ್ರುಗಳು ಅದನ್ನು ಕಲಿಯುವುದೇ ಇಲ್ಲ.

ಅವರನ್ನೊಮ್ಮೆ ಶಾಲೆಗೆ ಕರೆದುಕೊಂಡು ಹೋದೆ. ಹೆಡ್‌ಮಾಸ್ತರಿಗೆ ಅಷ್ಟು ಇಷ್ಟವಿರಲಿಲ್ಲ, “ಬಂಕಿನವರು ಬಂದು ಏನು ಹೇಳ್ತಾರೆ?” ಅಂದಿದ್ದರು. ಇವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು, ಮೇಜಿನ ಹಿಂದೆ ಹೋಗದೆ ಮಕ್ಕಳ ಬೆಂಚಿನ ತುದಿಯಲ್ಲಿ ಕೂತರು. ಮಜ್ಜಿಗೆ ಬೆಣ್ಣೆ ಎಲ್ಲ ಆದ ಮೇಲೆ ಹಿಂದಿನ ಸಾಲಿನ ಒಂದು ಹುಡುಗಿ ಎದ್ದು ನಿಂತಳು.

“ನಮ್ಮನೇಲಿ ಗಾಡಿನೇ ಇಲ್ಲ ಸರ್. ಡೀಸೆಲ್ ಏರಿದ್ರೆ ನಮಗೇನು?”

“ಬೆಳಿಗ್ಗೆ ಏನು ತಿಂದು ಬಂದೆವ್ವ?”

“ಅವಲಕ್ಕಿ.”

“ಆ ಅವಲಕ್ಕಿ ಮಿಲ್ಲಿಂದ ನಿಮ್ಮೂರ ಅಂಗಡಿಗೆ ನಡ್ಕೊಂಡು ಬಂತಾ?”

ಮಕ್ಕಳು ನಕ್ಕರು. ಹುಡುಗಿಯೂ ನಕ್ಕಳು. ಆದರೆ ಅವರು ನಗಲಿಲ್ಲ. “ಪೆಟ್ರೋಲ್ ಏರಿದ್ರೆ ಗಾಡಿ ಇದ್ದೋನು ಒಂದು ಸಲ ಹೋಗೋದು ಬಿಡ್ತಾನೆ. ಡೀಸೆಲ್ ಏರಿದ್ರೆ ಗಾಡಿ ಇಲ್ದೋರೂ ಕೊಡಬೇಕು. ಅದಕ್ಕೇ ನಾನು ಡೀಸೆಲ್ ಬೋರ್ಡು ಮೊದ್ಲು ನೋಡೋದು,” ಅಂದರು. ಆ ಸಾಲನ್ನು ನಾನು ಇವತ್ತಿಗೂ ಪಾಠದಲ್ಲಿ ಹೇಳುತ್ತೇನೆ.

ಅವರಿಗೊಂದು ಹಳೆಯ ಮೊಪೆಡ್ ಇತ್ತು. ಮಳೆಗಾಲದಲ್ಲಿ ಎಂದಾದರೂ ಒಂದು ಭಾನುವಾರ ಅದನ್ನು ಹತ್ತಿ ಒಬ್ಬರೇ ಗುಡವಿಗೆ ಹೋಗುತ್ತಿದ್ದರು, ಕೆರೆಯ ಹಕ್ಕಿ ನೋಡಲು. ಹಕ್ಕಿಗಳ ಹೆಸರು ಅವರಿಗೆ ಬರುತ್ತಿರಲಿಲ್ಲ. ಬೆಳ್ಳಕ್ಕಿ, ನೀರುಕಾಗೆ ಬಿಟ್ಟರೆ ಉಳಿದದ್ದೆಲ್ಲ “ಆ ಉದ್ದ ಕೊಕ್ಕಿಂದು”, “ಆ ಕುತ್ತಿಗೆ ಡೊಂಕಿಂದು”. ನೋಡಿ ಬಂದ ಮರುದಿನ ಸೋಮವಾರ ನನ್ನ ಟ್ಯಾಂಕ್ ತುಂಬುವವರೆಗೆ ಅದೇ ಮಾತು. ಮರದ ತುಂಬ ಗೂಡು, ಒಂದರ ಮೇಲೊಂದು, ಮರಿಗಳ ಗಲಾಟೆ. “ಡೀಸೆಲ್ ಸುಟ್ಟಿದ್ದೆಲ್ಲ ಹೊಟ್ಟೆಗಾಯ್ತು ಮೇಡಂ. ಇಷ್ಟು ವರ್ಷದಾಗೆ ಮನಸ್ಸಿಗೆ ಅಂತ ಸುಟ್ಟಿದ್ದು ಈ ಎರಡು ಲೀಟರ್ ಪೆಟ್ರೋಲ್ ಮಾತ್ರ,” ಎನ್ನುತ್ತಿದ್ದರು. “ಒಂದು ಸಲ ನೀವೂ ಬರ್ರಿ. ನಮ್ಮ ಮನೆಯೋಳನ್ನೂ ಕರ್ಕೊಂಡು ಬರ್ತೀನಿ, ಬುತ್ತಿ ಕಟ್ಕೊಂಡು ಹೋಗಣ.”

ಹೋಗೋಣ ಹೋಗೋಣ ಎಂದು ನಾನೂ ಹೇಳುತ್ತಲೇ ಇದ್ದೆ.

ಆಮೇಲೆ ಆ ಜೂನ್ ಬಂತು. ಉಕ್ರೇನಿನಲ್ಲಿ ಯುದ್ಧ ನಡೆಯುತ್ತಿತ್ತು. ಪ್ರಪಂಚದಲ್ಲಿ ಎಲ್ಲಕ್ಕಿಂತ ಹೆಚ್ಚು ಡೀಸೆಲ್ಲೇ ತುಟ್ಟಿಯಾಗಿತ್ತು. ಇಲ್ಲಿ ಬಂಕಿನ ಬೋರ್ಡಿನಲ್ಲಿ ಮಾತ್ರ ಬೆಲೆ ಅಲ್ಲಾಡದೆ ನಿಂತಿತ್ತು. ನಾನು, ಸದ್ಯ ಏರಲಿಲ್ಲವಲ್ಲ ಅಂದೆ. ಅವರು ತಲೆ ಅಲ್ಲಾಡಿಸಿದರು.

“ಬೋರ್ಡು ನಿಂತೈತಿ ಅಂತ ಬೆಲೆ ನಿಂತೈತಿ ಅಂದ್ಕೋಬ್ಯಾಡ್ರಿ. ಒಂದೊಂದು ಲೀಟರಿಗೂ ಎಣ್ಣೆ ಕಂಪನಿಗೆ ಹಾಕಿದ ದುಡ್ಡು ಕೈ ಹತ್ತೋದಿಲ್ಲ, ಪೆಟ್ರೋಲ್‌ಗಿಂತ ಡೀಸೆಲ್ಲಿಗೆ ಜಾಸ್ತಿ ಹೊಡೆತ. ಲುಕ್ಸಾನಿನ ಮಾಲು ಯಾರು ಜಾಸ್ತಿ ಕಳಿಸ್ತಾರೆ? ನೋಡ್ತಿರ್ರಿ, ಬೆಲೆ ಏರಲಿಲ್ಲ ಅಂದ್ರೆ ಲೋಡೇ ಬರಂಗಿಲ್ಲ.”

ಹಾಗೇ ಆಯಿತು. ದಿನ ಬಿಟ್ಟು ದಿನ ಬರುತ್ತಿದ್ದ ಟ್ಯಾಂಕರ್ ನಾಲ್ಕು ದಿನವಾದರೂ ಬರಲಿಲ್ಲ. ಬಂದರೂ ಅರ್ಧ ಲೋಡು. ಆಚೆ ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತು. ಮೆಕ್ಕೆಜೋಳ ಬಿತ್ತುವವರು, ಗದ್ದೆ ಹೂಡುವವರು ಎಲ್ಲರೂ ಒಂದೇ ವಾರ ರಸ್ತೆಗಿಳಿದರು. ಬಂಕಿನಿಂದ ಊರ ಕಡೆಗೆ ಟ್ರ್ಯಾಕ್ಟರುಗಳ ಸಾಲು. ಅವರು ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಕಂಬಕ್ಕೆ ಕಟ್ಟಿದ್ದರು: ‘ಟ್ರ್ಯಾಕ್ಟರಿಗೆ ಇಪ್ಪತ್ತು ಲೀಟರ್. ಟಿಲ್ಲರಿಗೆ ಐದು. ಬ್ಯಾರಲ್ಲಿಗೆ ಇಲ್ಲ.’

ನನಗೆ ಒಬ್ಬನೇ ತಮ್ಮ. ಅಮ್ಮ ಹೋದಾಗ ಅವನಿಗೆ ಎಂಟು ವರ್ಷ, ನಾನೇ ಸಾಕಿದ್ದು. ಶಿಕಾರಿಪುರದಲ್ಲಿದ್ದಾನೆ. ಜೆಸಿಬಿ, ಟಿಪ್ಪರ್ ಇಟ್ಟುಕೊಂಡು ರಸ್ತೆ ಕೆಲಸದ ಕಾಂಟ್ರಾಕ್ಟ್ ಮಾಡುತ್ತಾನೆ. ಆ ವಾರ ಅವನೂ ಸಂಕಟದಲ್ಲಿದ್ದ. ಒಂದು ಹಳ್ಳದ ಪಕ್ಕ ರಸ್ತೆಗೆ ಹೊಸ ಏರಿ ಹಾಕುತ್ತಿದ್ದ, ಅರ್ಧ ಮಣ್ಣು ಬಿದ್ದಿತ್ತು. ದೊಡ್ಡ ಮಳೆ ಬರುವ ಮೊದಲು ಮುಗಿಸದಿದ್ದರೆ ಹಾಕಿದ್ದೆಲ್ಲ ಕೊಚ್ಚಿಕೊಂಡು ಹೋಗುತ್ತಿತ್ತು. ಬೆಳಿಗ್ಗೆ ಪಿಕಪ್ ಗಾಡಿಯಲ್ಲಿ ಎರಡು ಬ್ಯಾರಲ್ ಹಾಕಿಕೊಂಡು ನಮ್ಮ ಮನೆಗೆ ಬಂದ.

“ಅಕ್ಕ, ಆ ಮ್ಯಾನೇಜರ್ ನಿನ್ನ ಮಾತು ಕೇಳ್ತಾರೆ. ನೀ ಒಂದ್ಮಾತು ಹೇಳು, ಸಾಕು.”

ನನಗೂ ಒಳಗೊಳಗೇ ಹೆಮ್ಮೆ. ಇಷ್ಟು ವರ್ಷದ ಪರಿಚಯ, ಅಷ್ಟು ನಡೆಯದೆ ಇರುತ್ತದೆಯೇ ಅಂದುಕೊಂಡೆ. ನನ್ನ ಸ್ಕೂಟಿ ಮುಂದೆ, ಅವನ ಪಿಕಪ್ ಹಿಂದೆ. ಸಾಲು ದಾಟಿ ನೇರ ಬಂಕಿನೊಳಗೆ ಹೋದೆವು. ಸಾಲಿನಲ್ಲಿದ್ದವರು ನೋಡುತ್ತಿದ್ದರು.

“ಅಣ್ಣಾ, ಇವನು ನನ್ನ ತಮ್ಮ. ಎರಡು ಬ್ಯಾರಲ್ ಡೀಸೆಲ್ ಬೇಕಿತ್ತು.”

ಅವರು ಒಮ್ಮೆ ಬ್ಯಾರಲ್ ನೋಡಿದರು, ಒಮ್ಮೆ ಸಾಲು ನೋಡಿದರು. “ನಿಮ್ಮ ತಮ್ಮ ಅಂದ್ರೆ ನಮ್ಮ ತಮ್ಮನೇ ಮೇಡಂ. ಆದ್ರೆ ಬ್ಯಾರಲ್ಲಿಗೆ ಆಗಂಗಿಲ್ರಿ.”

“ನಾನು ಯಾವತ್ತಾದರೂ ಏನಾದರೂ ಕೇಳಿದ್ದೀನಾ ಅಣ್ಣಾ?”

“ಇಲ್ಲ. ಅದಕ್ಕೇ ಕಷ್ಟ ಆಗೈತಿ.” ದನಿ ತಗ್ಗಿಸಿದರು. “ಎರಡು ಬ್ಯಾರಲ್ ಅಂದ್ರೆ ಇಪ್ಪತ್ತು ಟ್ರ್ಯಾಕ್ಟರು. ಅಲ್ಲಿ ಕಡೇಗೆ ನಿಂತಿರೋ ಇಪ್ಪತ್ತು ಜನಕ್ಕೆ ನೀವೇ ಹೋಗಿ ಹೇಳ್ತೀರಾ, ಇವತ್ತು ಇಲ್ಲ ಅಂತ?”

ತಮ್ಮ ಮುಂದೆ ಬಂದ. “ಬೋರ್ಡಿನ ರೇಟಿಗಿಂತ ಮೇಲೆ ಕೊಡ್ತೀನಿ, ಹಾಕ್ರಿ.”

ಅವರು ನನ್ನ ಕಡೆ ತಿರುಗಿ, “ನಿಮ್ಮ ಸ್ಕೂಟಿಗೆ ಬೇಕಾದ್ರೆ ಹಾಕ್ತೀನಿ ಬರ್ರಿ ಮೇಡಂ. ಪೆಟ್ರೋಲ್ ಐತಿ,” ಅಂದರು.

ಸಾಲಿನಲ್ಲಿ ಯಾರೋ ನಕ್ಕರು. ಈಗ ಯೋಚಿಸಿದರೆ, ಅವರು ಕೈಯಲ್ಲಿ ಆ ಬಟ್ಟೆ ಹಿಡಿದುಕೊಂಡೇ ಆ ಮಾತು ಹೇಳಿದ್ದು ನೆನಪಾಗುತ್ತದೆ. ಕೊಡಬಹುದಾಗಿದ್ದನ್ನು ಕೊಡುತ್ತೇನೆ ಅಂದಿದ್ದರು, ಅಷ್ಟೆ. ನನಗೆ ಅವತ್ತು ಅದು ಹಂಗಿಸಿದ ಹಾಗೆ ಕೇಳಿತು. ಸ್ಕೂಟಿ ತಿರುಗಿಸಿಕೊಂಡು ಹೊರಟುಬಿಟ್ಟೆ.

ಮುಂದಿನ ಸೋಮವಾರದಿಂದ ಊರೊಳಗಿನ ಬೇರೆ ಬಂಕಿಗೆ ಹೋದೆ. ಅವರಿದ್ದ ಬಂಕಿನ ಎದುರೇ ದಿನಾ ಹಾದು ಹೋಗಬೇಕಿತ್ತು. ರಸ್ತೆಯ ಆಚೆ ಬದಿ ನೋಡುತ್ತಾ ಹೋಗುತ್ತಿದ್ದೆ. ಎರಡು ಮೂರು ಸಲ ಅವರು ಕೈ ಎತ್ತಿದ್ದು ಕಣ್ಣಂಚಿಗೆ ಬಿದ್ದಿತ್ತು. ಕಾಣದವಳ ಹಾಗೆ ಹೋದೆ. ಆಮೇಲೆ ಕೈ ಎತ್ತುವುದೂ ನಿಂತಿತು. ಅವರೇ ಕೈ ಎತ್ತುವುದನ್ನು ಬಿಟ್ಟರು ಎಂದು ನಾನು ತಿಳಿದಿದ್ದೆ. ದಸರಾ ರಜೆ ಮುಗಿದ ಮೇಲೆ ಒಂದು ದಿನ, ಸಿಟ್ಟೆಲ್ಲ ಆರಿ, ಏನೋ ನೆಪ ಮಾಡಿಕೊಂಡು ಬಂಕಿನೊಳಗೆ ಹೋದೆ. ಪಂಪಿನ ಹತ್ತಿರ ಇದ್ದ ಹೆಣ್ಣುಮಗಳು ಹೇಳಿದಳು:

“ಅವರು ಬಿಟ್ಟು ಎರಡು ತಿಂಗಳಾತು ಟೀಚರ್. ನಿಮಗೆ ಗೊತ್ತಿಲ್ವಾ?”

ತೊಗರ್ಸಿಯ ಹತ್ತಿರ ಅವರ ಊರು. ವಿಳಾಸ ಕೇಳಿಕೊಂಡು ಮುಂದಿನ ಭಾನುವಾರವೇ ಹೋದೆ. ಅಂಗಳದಲ್ಲಿ ಮೆಕ್ಕೆಜೋಳದ ತೆನೆ ಸುಲಿಯುತ್ತಾ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ಸಿಪ್ಪೆ ಕೊಡವಿಕೊಂಡರು. ಬಲಗೈಯ ಕಪ್ಪು ಸ್ವಲ್ಪ ತಿಳಿಯಾಗಿತ್ತು. ಅವರ ಹೆಂಡತಿ ಟೀ ತಂದುಕೊಟ್ಟು ಬಾಗಿಲ ಬಳಿ ನಿಂತರು.

“ಯಾಕೆ ಬಿಟ್ಟಿರಿ ಅಣ್ಣಾ?”

“ಸೊಂಟದ ನೋವು ಮೇಡಂ. ದಿನಾ ನಿಂತ್ಕಳಕ್ಕೆ ಆಗ್ತಿರಲಿಲ್ಲ.”

ಅವರ ಹೆಂಡತಿ ತಲೆ ತಗ್ಗಿಸಿ ಒಳಗೆ ಹೋದರು. ನಾನು ಅದನ್ನು ಗಮನಿಸಿದೆ, ಅರ್ಥ ಮಾಡಿಕೊಳ್ಳಲಿಲ್ಲ. ಆ ದಿನ ಹಾಗೆ ಹೊರಟು ಹೋಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ ಎಂದು ಹೇಳಲು ಬಾಯಿ ತೆಗೆದೆ. ಅವರು ಅದಕ್ಕೆ ಎಡೆ ಕೊಡಲಿಲ್ಲ. ತಮ್ಮನ ಏರಿ ಮಳೆಗೆ ತಡೆದುಕೊಂಡಿತೇ ಎಂದು ಕೇಳಿದರು. ತಡೆಯಿತು ಅಂದೆ. “ಒಳ್ಳೇದಾತು,” ಅಂದರು. ನಿಜವಾಗಿಯೂ ಸಮಾಧಾನವಾದವರ ಹಾಗೆ ಅಂದರು. ಹೊರಡುವಾಗ ಗೇಟಿನವರೆಗೆ ಬಂದು, ಮಳೆಗಾಲ ಬರಲಿ, ಈ ಸಲ ಗುಡವಿ ತಪ್ಪಿಸುವುದು ಬೇಡ ಎಂದರು.

ಮೂರು ಮಳೆಗಾಲ ಬಂದು ಹೋದವು. ಒಂದು ವರ್ಷ ನನಗೆ ಜನಗಣತಿಯ ತರಬೇತಿಯೋ ಇನ್ನೇನೋ, ಒಂದು ವರ್ಷ ಅವರ ಮಗಳ ಬಾಣಂತನ. ಫೋನಿನಲ್ಲಿ ಮಾತ್ರ ಮಾತು. ಬೆಲೆ ಬದಲಾದಾಗ ನಾನೇ ಮಾಡುತ್ತಿದ್ದೆ. ರಾಜ್ಯದ ತೆರಿಗೆ ಏರಿಸಿ ಎರಡೂ ಒಂದೇ ದಿನ ಮೇಲೆ ಹೋದಾಗ, “ಇದು ಮಜ್ಜಿಗೆ ಬೆಣ್ಣೆ ಲೆಕ್ಕ ಅಲ್ಲ ಮೇಡಂ, ಇದು ಮೊಸರು ಕಡೆಯೋ ಗಡಿಗೆಯ ಬಾಡಿಗೆ,” ಎಂದು ನಕ್ಕಿದ್ದರು. ಅವರ ನಗು ನಾನು ಕೇಳಿದ್ದು ಅದೇ ಕಡೆಯದು.

ಹೊಲದಲ್ಲಿ ನಡು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವಂತೆ. ಸುದ್ದಿ ನನಗೆ ಮುಟ್ಟಿದ್ದು ಮಣ್ಣಾದ ಎರಡು ದಿನಕ್ಕೆ. ಹನ್ನೊಂದನೇ ದಿನದ ಕಾರ್ಯಕ್ಕೆ ಹೊರಟಾಗ ತಮ್ಮ ತಾನೇ ಕಾರು ತಂದು, “ನಾನು ಬಿಟ್ಟು ಬರ್ತೀನಿ ನಡಿ,” ಅಂದ. ಅವನಿಗೆ ಅವರ ಪರಿಚಯ ಅಷ್ಟಕ್ಕಷ್ಟೆ, ಬರುತ್ತೇನೆ ಅಂದದ್ದು ನನಗೆ ಸೋಜಿಗ.

ಅವರ ಮನೆಯ ಮುಂದಿನ ಖಾಲಿ ಹೊಲದಲ್ಲಿ ಟ್ರ್ಯಾಕ್ಟರುಗಳು ನಿಂತಿದ್ದವು. ಹತ್ತೂರಿನಿಂದ ಟ್ರೇಲರಿನಲ್ಲಿ ಕೂತು ಜನ ಬಂದಿದ್ದರು. ಸ್ವಾಮಿಗಳ ಪೂಜೆ ಮುಗಿದು ಪಂಕ್ತಿ ಕೂತಿತು. ನಾನು ಹೆಂಗಸರ ಸಾಲಿನಲ್ಲಿ ಊಟ ಮಾಡಿದೆ. ತಮ್ಮ ಒಳಗೆ ಬರಲೇ ಇಲ್ಲ. ಇಬ್ಬರು ಮೂವರು ಕರೆದರೂ, ಹೊಟ್ಟೆ ಸರಿಯಿಲ್ಲ ಎಂದು ಕಾರಿನ ಹತ್ತಿರವೇ ನಿಂತಿದ್ದ.

ವಾಪಸು ಬರುವಾಗ ಊರು ದಾಟಿ ಅರ್ಧ ಮೈಲಿ ಬಂದಿದ್ದೆವು. ಅವನು ಕಾರನ್ನು ರಸ್ತೆಯ ಪಕ್ಕ ನಿಲ್ಲಿಸಿದ.

“ಅಕ್ಕ, ಅವತ್ತು ನೀನು ಹೋದ ಮೇಲೆ ನಾನು ಬಂಕಿನ ಓನರಿಗೆ ಫೋನ್ ಮಾಡ್ದೆ. ನನಗೆ ಗೊತ್ತಿರೋರು ಒಬ್ರು ನಂಬರ್ ಕೊಟ್ರು.”

ನಾನು ಅವನ ಕಡೆ ತಿರುಗಿದೆ.

“ಓನರು ಮ್ಯಾನೇಜರಿಗೆ ಫೋನ್ ಮಾಡಿ ಕೊಡು ಅಂದ್ರಂತೆ. ಇವರು ನನ್ನ ಕೈಲಿ ಆಗಂಗಿಲ್ಲ ಅಂದ್ರಂತೆ. ಸಾಯಂಕಾಲ ಬೇರೆಯವ್ರ ಕೈಲಿ ಹಾಕ್ಸಿ ಕೊಟ್ರು. ಎರಡು ಬ್ಯಾರಲ್. ಬಿತ್ತನೆ ಮುಗಿದ ಮೇಲೆ ಇವರನ್ನ ಬರಬ್ಯಾಡ ಅಂದ್ರು.” ಅವನು ಸ್ಟೇರಿಂಗ್ ಹಿಡಿದೇ ಇದ್ದ. “ನಿನಗೆ ಹೇಳ್ಬೇಕು ಅಂತಿದ್ದೆ. ಆಗಲಿಲ್ಲ.”

ಏರಿ ತಡೆಯಿತೇ ಎಂದು ಅವರು ಕೇಳಿದ್ದು, ತಡೆಯಿತು ಎಂದು ನಾನು ಉತ್ತರ ಕೊಟ್ಟಿದ್ದು, ಎಲ್ಲ ಒಟ್ಟಿಗೇ ನೆನಪಾಯಿತು. ಬಯ್ಯಬೇಕೆನ್ನಿಸಿತು. ಆದರೆ ಅವರ ಮುಂದೆ ಆ ಬ್ಯಾರಲ್ ತೆಗೆದುಕೊಂಡು ಹೋಗಿದ್ದವಳು ನಾನೇ.

“ಗಾಡಿ ತಿರುಗ್ಸು,” ಅಂದೆ.

ಬಂದ ನೆಂಟರು ಹೊರಟಿದ್ದರು. ಅವರ ಹೆಂಡತಿ ಅಂಗಳದಲ್ಲಿ ಒಬ್ಬರೇ ಚಾಪೆ ಸುತ್ತುತ್ತಿದ್ದರು. ತಮ್ಮ ಹೋಗಿ ಅವರ ಮುಂದೆ ನಿಂತು, ನನಗೆ ಹೇಳಿದ್ದನ್ನೇ ಹೇಳಿದ. ಆಕೆ ಚಾಪೆಯನ್ನು ಗೋಡೆಗೆ ಒರಗಿಸಿದರು.

“ಗೊತ್ತಿತ್ತಪ್ಪ. ಓನರು ಅವತ್ತೇ ನಿನ್ನ ಹೆಸರು ಹೇಳಿದ್ರಂತೆ.”

“ಮತ್ತೆ ನನಗೆ ಯಾಕೆ ಹೇಳಲಿಲ್ಲಕ್ಕ?” ನಾನು ಕೇಳಿದೆ. “ನಾನು ಬಂದಾಗ ಇಲ್ಲೇ ಕೂತು ಸೊಂಟದ ನೋವು ಅಂದರಲ್ಲ.”

“ನಾನೇ ಹೇಳ್ತೀನಿ ಅಂದಿದ್ದೆ ಟೀಚರಮ್ಮ. ಬ್ಯಾಡ ಅಂದ್ರು. ಆ ಮೇಡಂಗೆ ಇರೋನು ಒಬ್ಬನೇ ತಮ್ಮ, ನಾವು ಅದಕ್ಕೆ ಕಲ್ಲು ಹಾಕೋದು ಬ್ಯಾಡ ಅಂದ್ರು.” ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ತಮ್ಮನ ಕಡೆ ನೋಡಿ, “ನೀನು ಉಂಡೇ ಇಲ್ಲ ಅಂತ ನಮ್ಮ ಹುಡುಗ್ರು ಹೇಳಿದ್ರು. ಕೂತ್ಕ,” ಅಂದರು.

ಸುತ್ತಿಟ್ಟಿದ್ದ ಚಾಪೆಯನ್ನು ನಾನೇ ಮತ್ತೆ ಬಿಚ್ಚಿ ಹಾಸಿದೆ. ಆಕೆ ಎಲೆ ಹಾಕಿ ಅನ್ನ ಬಡಿಸಿದರು. ತಮ್ಮ ತಲೆ ಬಗ್ಗಿಸಿ ಉಣ್ಣತೊಡಗಿದ. ಒಳಮನೆಯ ಗೋಡೆಯ ಮೇಲೆ ಅವರ ಫೋಟೋಕ್ಕೆ ವಿಭೂತಿ ಹಚ್ಚಿ ಹಾರ ಹಾಕಿದ್ದರು. ಫೋಟೋಕ್ಕೆ ಸಿಗದ ಮನುಷ್ಯ, ಅದು ಯಾರದೋ ಮದುವೆಯಲ್ಲಿ ತೆಗೆದದ್ದರಿಂದ ಕತ್ತರಿಸಿದ ಚಿತ್ರ. ಬೇರೆ ಯಾರನ್ನೋ ನೋಡುತ್ತಾ ನಿಂತಿದ್ದರು. “ಇನ್ನೊಂದು ಚೂರು ಸಾರು ಹಾಕ್ರಿ ಟೀಚರಮ್ಮ, ಅವನಾಗೇ ಕೇಳಂಗಿಲ್ಲ,” ಎಂದರು ಆಕೆ. ನಾನು ಸೌಟು ತೆಗೆದುಕೊಂಡೆ.